ಊರೊಳಗಿನ ಕುರುಚಲು ಕಾಡನ್ನು ನೆರೆಹೊರೆಯವರು ಕೂಡಿ ನೋಡಿಕೊಳ್ಳುವ ಬಗೆ

ಬೆಳಗಾವಿಯ ಬಡಾವಣೆಗಳ ನಡುವೆ, ನಾಲೆಗಳ ದಂಡೆಯಲ್ಲಿ, ಕ್ಯಾಂಪ್ ಎಂದು ಕರೆಯುವ ದಂಡು ಪ್ರದೇಶದ ಹಳೆಯ ಬಂಗಲೆಗಳ ಹಿಂದುಗಡೆ, ರೈಲು ಹಳಿಯ ಮಗ್ಗುಲಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಕುರುಚಲು ಕಾಡನ್ನು ನಮ್ಮ ಜನ ಸಾಮಾನ್ಯವಾಗಿ ‘ಖಾಲಿ ಜಾಗ’ ಎಂದು ಕರೆಯುತ್ತಾರೆ. ಆ ಖಾಲಿ ಜಾಗದಲ್ಲಿ ಒಂದು ಮುಂಜಾನೆ ಸುಮ್ಮನೆ ನಿಂತು ನೋಡಿದರೆ ಕವಳಿಯ ಮೆಳೆಯೊಳಗಿಂದ ಮುಂಗುಸಿ ಇಣುಕುತ್ತದೆ, ಕೆಂಬೂತವೊಂದು ನಿಧಾನವಾಗಿ ನೆಲದ ಮೇಲೆ ಹೆಜ್ಜೆ ಹಾಕುತ್ತದೆ, ಮತ್ತಿಯ ಬುಡದಲ್ಲಿ ಸೊಂಟದೆತ್ತರದ ಹುತ್ತ ಕಾಣುತ್ತದೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಆವರಣ ಊರಿಗೆಲ್ಲ ಗೊತ್ತಿದೆ. ಅಲ್ಲಿಯ ಮರಗಳ ಪರವಾಗಿ ಮಾತನಾಡುವವರೂ ಇದ್ದಾರೆ. ಆದರೆ ಹೆಸರೇ ಇಲ್ಲದ, ಅರ್ಧ ಎಕರೆ ಒಂದು ಎಕರೆಯ ತುಣುಕುಗಳಿಗೆ ಹೇಳುವವರು ಕೇಳುವವರು ಇಲ್ಲ. ಅಂಥ ಒಂದು ತುಣುಕನ್ನು ಹತ್ತು ಹದಿನೈದು ಮಂದಿ ನೆರೆಹೊರೆಯವರು ಕೂಡಿ, ಸಂಬಳವಿಲ್ಲದೆ, ವಾರಕ್ಕೆ ಎರಡು ತಾಸು ಕೊಟ್ಟು ನೋಡಿಕೊಳ್ಳುವುದು ಹೇಗೆ ಎಂಬುದನ್ನು, ನಮ್ಮ ಗುಂಪು ಆರು ವರ್ಷಗಳಲ್ಲಿ ಕಲಿತದ್ದನ್ನು ಆಧರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ತಿರುಗಾಡಿರಿ, ಕುಡುಗೋಲು ಆಮೇಲೆ

ಗುಂಪು ಕಟ್ಟಿದ ಕೂಡಲೇ ಕೆಲಸಕ್ಕೆ ಇಳಿಯಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ಅದನ್ನು ತಡೆದುಕೊಂಡು, ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಆ ಜಾಗದಲ್ಲಿ ತಿರುಗಾಡಿ ನೋಡಬೇಕು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1300 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಒಣಗಿ ಸತ್ತಂತೆ ಕಾಣುವ ನೆಲವೇ ಜುಲೈನಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ. ಬೇಸಿಗೆಯಲ್ಲಿ ಬರೀ ಕಡ್ಡಿ ಎಂದು ಕಿತ್ತುಹಾಕುವುದು ಮಳೆ ಬಿದ್ದಾಗ ಚಿಗುರುವ ಮುತ್ತುಗವಾಗಿರಬಹುದು.

ಒಂದು ದೊಡ್ಡ ಹಾಳೆಯ ಮೇಲೆ ಜಾಗದ ನಕ್ಷೆ ಬರೆದುಕೊಳ್ಳಿ. ಕಾಲುದಾರಿ, ದೊಡ್ಡ ಮರ, ಹುತ್ತ, ನೀರು ನಿಲ್ಲುವ ತಗ್ಗು, ಜನ ಕಸ ಚೆಲ್ಲುವ ಮೂಲೆ, ಇಷ್ಟು ಗುರುತಾದರೆ ಸಾಕು. ಅದರ ಮೇಲೆ ಮೂರು ಬಣ್ಣಗಳಲ್ಲಿ ತುಂಬಿರಿ: ನಮ್ಮ ನಾಡಿನ ಗಿಡಗಳೇ ಬಹುತೇಕ ಇರುವ ಒಳ್ಳೆಯ ಭಾಗ, ಒಳ್ಳೆಯದೂ ಕಳೆಯೂ ಬೆರೆತ ಭಾಗ, ಪೂರ್ತಿ ಕಳೆ ಆವರಿಸಿದ ಭಾಗ. ಮುಂದಿನ ಹತ್ತು ವರ್ಷದ ಕೆಲಸ ಈ ಮೂರು ಬಣ್ಣಗಳ ಮೇಲೆ ನಿಂತಿರುತ್ತದೆ.

ಗಿಡಗಳ ಹೆಸರು ಕಲಿಯುವುದಕ್ಕೆ ಪುಸ್ತಕಕ್ಕಿಂತ ಮೊದಲು ಆ ಜಾಗದ ಸುತ್ತ ಇರುವ ಹಿರಿಯರನ್ನು ಕೇಳಿರಿ. ನಮ್ಮಲ್ಲಿ ಪ್ರತಿ ಗಿಡಕ್ಕೂ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹೆಸರು ಇರುತ್ತದೆ: ಕವಳಿಯನ್ನು ಕರವಂದ ಎನ್ನುತ್ತಾರೆ, ನೇರಳೆಯನ್ನು ಜಾಂಭೂಳ, ಹೊಂಗೆಯನ್ನು ಕರಂಜ, ಮತ್ತಿಯನ್ನು ಐನ, ಮುತ್ತುಗವನ್ನು ಪಳಸ. ಎರಡೂ ಹೆಸರನ್ನು ಪಟ್ಟಿಯಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಖಾನಾಪುರ, ಜಾಂಬೋಟಿಯ ಕಡೆಯಿಂದ ಕವಳಿ ಹಣ್ಣು ತಂದು ಮಾರುವ ತಾಯಂದಿರಲ್ಲಿ ಒಬ್ಬರು ನಮ್ಮ ಜಾಗಕ್ಕೆ ಬಂದು, ನಾವು ಗುರುತಿಸಿಯೇ ಇರದ ಹನ್ನೊಂದು ಗಿಡಗಳ ಹೆಸರನ್ನು ಒಂದೇ ತಾಸಿನಲ್ಲಿ ಹೇಳಿಕೊಟ್ಟರು. ಯಾವುದರ ಚಿಗುರನ್ನು ಪಲ್ಯ ಮಾಡುತ್ತಾರೆ, ಯಾವುದರ ಎಲೆಯನ್ನು ದನ ಮುಟ್ಟುವುದಿಲ್ಲ ಎಂಬುದನ್ನೂ ಅವರಿಂದಲೇ ತಿಳಿದೆವು.

ಜಾಗ ಯಾರದು, ಒಪ್ಪಿಗೆ ಯಾರಿಂದ

ಇದು ಬೇಸರದ ಕೆಲಸ, ಆದರೆ ತಪ್ಪಿಸಲಾಗದು. ಉತಾರ (ಪಹಣಿ) ಮತ್ತು ಸಿಟಿ ಸರ್ವೆ ದಾಖಲೆ ತೆಗೆಸಿ, ಜಾಗ ಮಹಾನಗರ ಪಾಲಿಕೆಯದೋ, ಅರಣ್ಯ ಇಲಾಖೆಯದೋ, ಕಂಟೋನ್ಮೆಂಟ್ ಬೋರ್ಡಿನದೋ, ರೈಲ್ವೆಯದೋ, ಖಾಸಗಿಯದೋ ಎಂದು ಖಚಿತಪಡಿಸಿಕೊಳ್ಳಿ. ಒಡೆತನ ಯಾರದೇ ಇರಲಿ, ನೀವು ಏನು ಮಾಡುತ್ತೀರಿ ಮತ್ತು ಏನು ಮಾಡುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ. ಮರ ಕಡಿಯುವ ಪ್ರಶ್ನೆ ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯನ್ನು ಕೇಳದೆ ಕೊಡಲಿ ಎತ್ತಬಾರದು. 2002ರ ಜೈವಿಕ ವೈವಿಧ್ಯ ಕಾಯ್ದೆಯ ಅಡಿಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನೀವು ಮಾಡಿದ ಗಿಡಗಳ ಪಟ್ಟಿಯ ಒಂದು ಪ್ರತಿಯನ್ನು ಆ ಸಮಿತಿಗೆ ಕೊಟ್ಟರೆ ನಿಮ್ಮ ಜಾಗಕ್ಕೆ ಕಾಗದದ ಮೇಲೆ ಒಂದು ಗುರುತು ಸಿಕ್ಕಂತಾಗುತ್ತದೆ.

ಎಲ್ಲಿಂದ ಶುರು ಮಾಡಬೇಕು

ಅತಿ ಕೆಟ್ಟ ಮೂಲೆಯಿಂದ ಶುರು ಮಾಡಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ಮೊದಲ ವರ್ಷದ ಮೇ ತಿಂಗಳಲ್ಲಿ ವರ್ಗಣಿ ಹಾಕಿ, ಮಣ್ಣು ಅಗೆಯುವ ಯಂತ್ರವನ್ನು ಬಾಡಿಗೆಗೆ ತಂದು, ಲಂಟಾನ ಎಂಬ ಕಳೆಯ ಮೆಳೆ ಕವಿದಿದ್ದ ಸುಮಾರು ಅರ್ಧ ಎಕರೆಯನ್ನು ಒಂದೇ ದಿನದಲ್ಲಿ ಬೋಳು ಮಾಡಿದೆವು. ಸಂಜೆ ಆ ಕೆಂಪು ನೆಲವನ್ನು ನೋಡಿ ಬಹಳ ಸಂತೋಷಪಟ್ಟೆವು. ಜುಲೈ ಕೊನೆಯ ಹೊತ್ತಿಗೆ ಅಲ್ಲಿ ಮೊಣಕಾಲುದ್ದ ಕಾಂಗ್ರೆಸ್ ಕಸ ನಿಂತಿತ್ತು. ಇಳಿಜಾರಿನ ಮೇಲ್ಮಣ್ಣು ನಾಲೆಗೆ ಹರಿದುಹೋಗಿತ್ತು. ಆ ಮೆಳೆಯಲ್ಲಿ ಗೂಡು ಕಟ್ಟುತ್ತಿದ್ದ ಪಿಕಳಾರಗಳು ಆ ವರ್ಷ ಕಾಣಲೇ ಇಲ್ಲ. ತಪ್ಪು ಪೂರ್ತಿಯಾಗಿ ನಮ್ಮದು. ಅದನ್ನು ಸರಿಪಡಿಸಲು ನಾಲ್ಕು ಮಳೆಗಾಲ ಹಿಡಿದವು.

ಆಮೇಲೆ ನಮಗೆ ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ಸಿಡ್ನಿಯ ಮೋಸ್ಮನ್ ಎಂಬಲ್ಲಿ 1960ರ ದಶಕದಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕ ತಂಗಿಯರು ತಮ್ಮ ಮನೆಯ ಸಮೀಪದ ಕಾಡಿನಲ್ಲಿ ಕಳೆ ಕೀಳುತ್ತ ಕಂಡುಕೊಂಡ ಕ್ರಮ. ಅವರ ಮಾತು ಮೂರೇ. ಚೆನ್ನಾಗಿರುವ ಭಾಗದಿಂದ ಕೆಟ್ಟಿರುವ ಭಾಗದ ಕಡೆಗೆ ಹೋಗಬೇಕು. ನೆಲವನ್ನು ಆದಷ್ಟು ಕಡಿಮೆ ಕದಡಬೇಕು, ಕಿತ್ತ ಜಾಗದ ಮೇಲೆ ತರಗೆಲೆಯನ್ನು ಮತ್ತೆ ಹೊದಿಸಬೇಕು. ನಾಡಿನ ಗಿಡ ಎಷ್ಟು ವೇಗವಾಗಿ ಬೆಳೆದು ಜಾಗ ತುಂಬುತ್ತದೋ ಅಷ್ಟೇ ವೇಗದಲ್ಲಿ ಕಳೆ ತೆಗೆಯಬೇಕು, ಅದಕ್ಕಿಂತ ಮುಂದೆ ಹೋಗಬಾರದು. ಅಲ್ಲಿಯ ಗಿಡಗಳೇ ಬೇರೆ, ಮಣ್ಣೇ ಬೇರೆ. ಆದರೂ ಈ ಮೂರು ಮಾತು ಬೆಳಗಾವಿಯ ಜಂಬಿಟ್ಟಿಗೆ ನೆಲದಲ್ಲಿ ಅಕ್ಷರಶಃ ನಿಜವಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಾಗಿ ನಕ್ಷೆಯಲ್ಲಿ ಒಳ್ಳೆಯ ಭಾಗ ಎಂದು ಗುರುತಿಸಿದಲ್ಲಿ, ಕವಳಿಯ ಮೆಳೆಯ ನಡುವೆ ತಲೆಯೆತ್ತಿರುವ ಒಂದೆರಡು ಲಂಟಾನವನ್ನು ಮೊದಲು ತೆಗೆಯಿರಿ. ಆಮೇಲೆ ಅದರ ಅಂಚಿನಿಂದ ನಾಲ್ಕೈದು ಹೆಜ್ಜೆಯಷ್ಟು ಮಾತ್ರ ಮುಂದೆ ಹೋಗಿ ನಿಲ್ಲಿರಿ. ಮುಂದಿನ ಮಳೆಗಾಲ ಆ ನಾಲ್ಕೈದು ಹೆಜ್ಜೆಯಲ್ಲಿ ಏನು ಹುಟ್ಟುತ್ತದೆ ಎಂಬುದನ್ನು ನೋಡಿ, ನಂತರ ಅಷ್ಟೇ ಅಗಲದ ಮತ್ತೊಂದು ಪಟ್ಟಿಯ ಕಳೆ ತೆಗೆಯಿರಿ.

ಲಂಟಾನ

ಮರಾಠಿಯಲ್ಲಿ ಘಾಣೇರಿ ಎನ್ನುವ ಈ ಗಿಡ ಅಮೆರಿಕ ಖಂಡದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದದ್ದು. ಅದರ ಎಲೆ ದನಕರುಗಳ ಯಕೃತ್ತಿಗೆ ವಿಷ. ಕಪ್ಪು ಹಣ್ಣನ್ನು ಪಿಕಳಾರಗಳು ತಿಂದು ಬೀಜವನ್ನು ಎಲ್ಲೆಲ್ಲೂ ಹರಡುತ್ತವೆ. ಅದನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಆರು ಚಿಗುರು ಬರುತ್ತವೆ. ಹೀಗೆ ಕಡಿಯುವುದೂ ಗೊಬ್ಬರ ಹಾಕುವುದೂ ಒಂದೇ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ರೂಪಿಸಿದ ವಿಧಾನವನ್ನೇ ನಾವು ಅನುಸರಿಸುತ್ತೇವೆ. ಇಬ್ಬರು ಜೊತೆಯಾಗಿ ಮಾಡುವ ಕೆಲಸ ಇದು. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ಹಣ್ಣು ಕಪ್ಪಾಗುವ ಮೊದಲು, ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಮೆಳೆಯ ಕೊಂಬೆಗಳನ್ನು ಒಟ್ಟುಗೂಡಿಸಿ ಒಂದು ಬದಿಗೆ ಬಾಗಿಸಿ ಹಿಡಿಯಬೇಕು. ಮತ್ತೊಬ್ಬರು ಬುಡದ ಸುತ್ತಲಿನ ತರಗೆಲೆ ಸರಿಸಿದರೆ, ಕಾಂಡಗಳೆಲ್ಲ ಬಂದು ಸೇರುವ ಗಂಟಿನಂಥ ಭಾಗ ಕಾಣುತ್ತದೆ. ಚಿಗುರುವ ಶಕ್ತಿಯೆಲ್ಲ ಆ ಗಂಟಿನಲ್ಲೇ ಇರುವುದು. ಅದರ ಕೆಳಗೆ, ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ, ಪಿಕಾಸಿಯಿಂದ ಓರೆಯಾಗಿ ಒಂದೇ ಏಟು ಕೊಟ್ಟರೆ ತಾಯಿಬೇರು ‘ಟಕ್’ ಎಂದು ತುಂಡಾಗುತ್ತದೆ. ಆಗ ಇಡೀ ಮೆಳೆಯನ್ನು ಎತ್ತಿ, ಬುಡ ಮೇಲಾಗಿ ತಲೆಕೆಳಗೆ ಮಾಡಿ, ಬಂಡೆಯ ಮೇಲೋ ಒಣಗಿದ ಹಳೆಯ ರಾಶಿಯ ಮೇಲೋ ಇಡಬೇಕು. ಹಸಿ ಕೊಂಬೆ ಮಳೆಯಲ್ಲಿ ಮಣ್ಣಿಗೆ ತಾಗಿದರೆ ತಾಗಿದಲ್ಲೇ ಬೇರು ಬಿಡುತ್ತದೆ, ಆದ್ದರಿಂದ ಕೊನೆಯ ಈ ಮಾತನ್ನು ಹೊಸಬರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅಗೆದ ಕುಳಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ತರಗೆಲೆ ಹೊದಿಸಿದರೆ ಒಂದು ಗಿಡದ ಕೆಲಸ ಮುಗಿಯಿತು. ಇಬ್ಬರು ಒಂದು ಮುಂಜಾನೆಗೆ ಹತ್ತು ಹನ್ನೆರಡು ಮೆಳೆ ತೆಗೆದರೆ ಅದು ಒಳ್ಳೆಯ ಕೆಲಸವೇ.

ಲಂಟಾನ ತೆಗೆದ ಜಾಗಕ್ಕೆ ಮರುವರ್ಷ ಹೋಗಲೇಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಬೆರಳುದ್ದದ ಸಸಿಗಳು ಗುಂಪಾಗಿ ಎದ್ದಿರುತ್ತವೆ. ಎಲೆಯನ್ನು ತಿಕ್ಕಿ ಮೂಸಿದರೆ ಬರುವ ಘಾಟಿನಿಂದ ಗುರುತು ಸಿಗುತ್ತದೆ. ಆಗ ಅವುಗಳನ್ನು ಮಕ್ಕಳೂ ಕೈಯಿಂದ ಕೀಳಬಹುದು.

ಕಾಂಗ್ರೆಸ್ ಕಸ ಮತ್ತು ಇತರ ಕಳೆಗಳು

ಪಾರ್ಥೇನಿಯಂ ಎಂಬ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ದೇಶವನ್ನೆಲ್ಲ ಆವರಿಸಿತು. ಒಂದೇ ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಇದರಿಂದ ಚರ್ಮದ ತುರಿಕೆ, ಉಬ್ಬಸ ಬರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರಿಗೆ ಈ ಕೆಲಸ ಕೊಡಲೇಬಾರದು. ಉಳಿದವರೂ ತುಂಬುತೋಳಿನ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಳಿ ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು. ಎಲೆಗಳ ಮೇಲೆ ಮಾಸಲು ಬಿಳಿ ಮೈಗೆ ಕಂದು ಗೆರೆಗಳಿರುವ ಸಣ್ಣ ದುಂಬಿಗಳು ಕಂಡರೆ ಆ ತುಣುಕನ್ನು ಸದ್ಯಕ್ಕೆ ಬಿಟ್ಟುಬಿಡಿ. ಅವು ಈ ಕಳೆಯನ್ನೇ ತಿಂದು ಬದುಕುವ, ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಗಳ ಸಂತತಿ. ನೀವು ಬಿಟ್ಟಲ್ಲಿ ಅವು ಕೆಲಸ ಮಾಡುತ್ತವೆ. ಕಿತ್ತು ಬೋಳಾದ ಜಾಗದಲ್ಲಿ ತಗಚೆಯ ಬೀಜ ಚೆಲ್ಲಿರಿ. ಅದು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಸಸಿಗಳನ್ನು ಅಡಗಿಸುತ್ತದೆ, ಎಳೆಯ ಸೊಪ್ಪು ಅಡುಗೆಗೂ ಆಗುತ್ತದೆ.

ಕಳೆನಾಶಕ ಸಿಂಪಡಿಸುವ ಸಲಹೆ ಪ್ರತಿ ವರ್ಷ ಯಾರಾದರೂ ಕೊಡುತ್ತಾರೆ. ಕೆಳಗೆ ನಾಲೆ, ಪಕ್ಕದಲ್ಲಿ ಬಾವಿ, ಮೇಲೆ ಜೇನು ಇರುವ ಜಾಗದಲ್ಲಿ ನಾವು ಅದನ್ನು ಒಪ್ಪಿಲ್ಲ.

ವಿಜಯಪುರ ಮತ್ತು ಬಾಗಲಕೋಟೆಯವರಿಗೆ ಲಂಟಾನಕ್ಕಿಂತ ದೊಡ್ಡ ತೊಡಕು ಬಳ್ಳಾರಿ ಜಾಲಿಯದು. ಅಲ್ಲಿ ಮಳೆ ನಮ್ಮ ಅರ್ಧದಷ್ಟೂ ಬೀಳುವುದಿಲ್ಲವಾದ್ದರಿಂದ ನೆಲ ಮತ್ತೆ ತುಂಬಿಕೊಳ್ಳುವುದೂ ನಿಧಾನ, ತಾಳ್ಮೆ ಇಮ್ಮಡಿ ಬೇಕು. ಕೀಳುವ ಮೊದಲು ಅದು ನಮ್ಮ ಕರಿಜಾಲಿ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಕರಿಜಾಲಿಯ ಹೂ ಹಳದಿ ಗುಂಡಿನಂತೆ, ಕಾಯಿ ಮಣಿಸರದಂತೆ ನಡುನಡುವೆ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂ ತಿಳಿಹಳದಿ ಬಣ್ಣದ ಉದ್ದನೆಯ ತೆನೆ, ಕಾಯಿ ಬಹುತೇಕ ನೇರ. ಕರಿಜಾಲಿ, ಬನ್ನಿ, ಬಾರೆ, ಬೇವು ಇವು ಆ ನೆಲದ ಒಡನಾಡಿಗಳು, ಇವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಉಳಿದ ಕೆಲಸವೆಲ್ಲ.

ಏನನ್ನು ಮುಟ್ಟಬಾರದು

ಸ್ವಚ್ಛತಾ ಅಭಿಯಾನಗಳ ರೂಢಿಯಿಂದ ಬಂದವರು ನೆಲವನ್ನು ಅಂಗಳದಂತೆ ಗುಡಿಸಲು ಹೊರಡುತ್ತಾರೆ. ಪ್ಲಾಸ್ಟಿಕ್ಕು, ಗಾಜು, ಕಟ್ಟಡದ ರಾಡಿಯನ್ನು ಅಗತ್ಯವಾಗಿ ತೆಗೆಯಿರಿ. ಆದರೆ ತರಗೆಲೆ, ಬಿದ್ದ ಕೊಂಬೆ, ನಿಂತಲ್ಲೇ ಒಣಗಿದ ಮರ, ಹುತ್ತ, ಮುಳ್ಳಿನ ಮೆಳೆ ಇವು ಕಸವಲ್ಲ. ಒಣಮರದ ಪೊಟರೆಯಲ್ಲಿ ಗಿಳಿ, ಕುಟ್ರಹಕ್ಕಿ, ಸಣ್ಣ ಗೂಬೆ ಮರಿ ಮಾಡುತ್ತವೆ. ಮುಳ್ಳಿನ ಮೆಳೆಯ ನಡುವೆ ಹುಟ್ಟಿದ ಸಸಿಯನ್ನು ಆಡು ಮುಟ್ಟುವುದಿಲ್ಲ, ಹಾಗಾಗಿ ನಮ್ಮ ಜಾಗದಲ್ಲಿ ತಾನಾಗಿ ಬೆಳೆದ ನೇರಳೆಗಳೆಲ್ಲ ಕವಳಿಯ ಮಡಿಲಿನಲ್ಲೇ ಬೆಳೆದಿವೆ. ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ಯಾವ ದೊಡ್ಡ ಮೆಳೆಯನ್ನೂ, ಅದು ಲಂಟಾನವೇ ಆದರೂ, ಒಳಗೆ ಗೂಡು ಇಲ್ಲವೆಂದು ನೋಡದೆ ತೆಗೆಯಬಾರದು.

ಸಸಿ ನೆಡುವ ಮಾತು

ವನಮಹೋತ್ಸವದ ಹೊತ್ತಿಗೆ ನೂರು ಸಸಿ ಉಚಿತವಾಗಿ ಕೊಡುತ್ತೇವೆಂದು ಯಾರಾದರೂ ಬಂದೇ ಬರುತ್ತಾರೆ. ಅವರ ಮನಸ್ಸು ಒಳ್ಳೆಯದು. ಆದರೂ ಕುರುಚಲು ಕಾಡಿನ ನಡುವೆ ಎರಡಡಿ ಗುಂಡಿ ತೋಡಿ ಗುಲ್‌ಮೊಹರ್ ನೆಡುವುದು ಆ ಕಾಡಿಗೆ ಉಪಕಾರವಲ್ಲ. ಮಣ್ಣಿನಲ್ಲಿ ಬೀಜ ಇದ್ದಲ್ಲಿ, ಹಳೆಯ ಬೊಡ್ಡೆ ಚಿಗುರುತ್ತಿದ್ದಲ್ಲಿ, ನೆಡುವ ಅಗತ್ಯವೇ ಇಲ್ಲ. ಎರಡು ಮಳೆಗಾಲ ಕಾದರೂ ಏನೂ ಹುಟ್ಟದ ಜಾಗದಲ್ಲಿ ಮಾತ್ರ, ಸಮೀಪದ ಮರಗಳಿಂದಲೇ ಬೀಜ ಆರಿಸಿ ಹಾಕಬೇಕು.

ಬೀಜಗಳ ಸ್ವಭಾವ ಒಂದರಂತೆ ಇನ್ನೊಂದಿಲ್ಲ. ನೇರಳೆಯ ಬೀಜ ಒಣಗಿದರೆ ಸಾಯುತ್ತದೆ; ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಸೇರಬೇಕು. ಬೇವಿನದೂ ಬಹುಕಾಲ ತಾಳುವುದಿಲ್ಲ. ಹೊಂಗೆಯ ಬೀಜವನ್ನು ಬೇಸಿಗೆಯಲ್ಲಿ ಆರಿಸಿಟ್ಟು ಮೊದಲ ಮಳೆಗೆ ನೇರವಾಗಿ ಊರಬಹುದು. ಕಕ್ಕೆಯ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಒರಟು ಕಲ್ಲಿಗೆ ತಿಕ್ಕಿ ಒಂದು ರಾತ್ರಿ ನೀರಿನಲ್ಲಿ ನೆನೆಹಾಕದಿದ್ದರೆ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಬಿದಿರಿನ ಊರು, ವೇಣುಗ್ರಾಮ, ಎಂದು ಹೆಸರು ಪಡೆದ ಈ ಊರಿನ ನಾಲೆಯ ದಂಡೆಗಳಲ್ಲಿ ಬಿದಿರಿಗೂ ಒಂದಿಷ್ಟು ಜಾಗ ಸಲ್ಲಬೇಕೆಂಬುದು ನನ್ನ ಆಸೆ.

ಬೆಂಕಿ, ಹಾವು, ನೆರೆಯವರು

ಫೆಬ್ರವರಿಯಿಂದ ಮೇ ತನಕ ಹುಲ್ಲು ಒಣಗಿ, ಒಂದು ಬೀಡಿಯ ತುಣುಕಿಗೂ ಹೊತ್ತಿಕೊಳ್ಳುತ್ತದೆ. ಜನವರಿಯಲ್ಲೇ ರಸ್ತೆಯ ಅಂಚಿನ ಉದ್ದಕ್ಕೂ ಆರಡಿ ಅಗಲ ಹುಲ್ಲು ಕೊಯ್ದು ಬೆಂಕಿಪಟ್ಟಿ ಮಾಡಿಡಿ. ಹೋಳಿ ಹುಣ್ಣಿಮೆಗೆ ಎಂಟು ದಿನ ಮುಂಚೆ ಓಣಿಯ ಹುಡುಗರು ಕಟ್ಟಿಗೆ ಹುಡುಕುತ್ತ ಬರುತ್ತಾರೆ. ಅವರನ್ನು ಗದರಿಸುವ ಬದಲು, ತಲೆಕೆಳಗು ಇಟ್ಟು ಒಣಗಿಸಿದ ಲಂಟಾನದ ದಪ್ಪ ಕಾಂಡಗಳನ್ನು ಕಟ್ಟಿ ಅವರ ಕೈಗೆ ಕೊಡಿರಿ. ಹೀಗೆ ಬಂದ ಹುಡುಗರಲ್ಲಿ ಮೂವರು ಈಗ ನಮ್ಮ ಭಾನುವಾರದ ಕೆಲಸಕ್ಕೆ ತಪ್ಪದೆ ಬರುತ್ತಾರೆ.

ಕಟ್ಟಿಗೆ ಆರಿಸುವ ತಾಯಂದಿರು ಮತ್ತು ದನ, ಆಡು ಮೇಯಿಸುವವರು ನಿಮಗಿಂತ ಮೊದಲು ಆ ಜಾಗದಲ್ಲಿ ಇದ್ದವರು. ಯಾವ ಪಟ್ಟಿಯಲ್ಲಿ ಎಳೆಯ ಸಸಿಗಳಿವೆ, ಎಷ್ಟು ದಿನ ಅಲ್ಲಿಗೆ ಆಡು ಬಿಡಬಾರದು ಎಂಬುದನ್ನು ಅವರೊಂದಿಗೆ ಕೂತು ಮಾತಾಡಿ ನಿರ್ಧರಿಸಿರಿ. ಬೇಲಿ ಹಾಕಿದ್ದಕ್ಕಿಂತ ಈ ಮಾತುಕತೆ ಹೆಚ್ಚು ಕಾಲ ನಿಂತಿದೆ.

ಕೆಲಸದ ದಿನ ಎಲ್ಲರ ಕಾಲಲ್ಲೂ ಬೂಟು ಇರಬೇಕು, ಕೈ ಹಾಕುವ ಮೊದಲು ಕೋಲಿನಿಂದ ಎಲೆ ಸರಿಸಬೇಕು. ಹಾವಿನ ವಿಷಕ್ಕೆ ಔಷಧ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಮುಂಚಿತವಾಗಿ ವಿಚಾರಿಸಿ ಬರೆದಿಟ್ಟುಕೊಳ್ಳಿ, ಒಂದು ವಾಹನ ಸದಾ ಸಿದ್ಧವಿರಲಿ. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಆ ಅಂಗವನ್ನು ಅಲುಗಾಡಿಸದೆ, ವ್ಯಕ್ತಿಯನ್ನು ನಡೆಸದೆ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಗುಂಪು ಉಳಿಯಬೇಕಾದರೆ

ನಾವು ಪ್ರತಿ ಭಾನುವಾರ ಮುಂಜಾನೆ ಏಳರಿಂದ ಒಂಬತ್ತರವರೆಗೆ ಮಾತ್ರ ಕೆಲಸ ಮಾಡುತ್ತೇವೆ. ಇನ್ನೊಂದು ತಾಸು ಮಾಡೋಣ ಎಂಬ ಉತ್ಸಾಹ ಬಂದ ದಿನವೂ ಒಂಬತ್ತಕ್ಕೆ ನಿಲ್ಲಿಸಿ, ಚಹಾ ಅವಲಕ್ಕಿ ಮುಗಿಸಿ, ಮನೆಗೆ ಹೋಗುತ್ತೇವೆ. ದಣಿದು ಹೋದವರು ಮರುವಾರ ಬರುವುದಿಲ್ಲ ಎಂಬುದು ಅನುಭವದ ಮಾತು. ಪಿಕಾಸಿ, ಕುಡುಗೋಲು, ಕುರ್ಚಿಗೆ, ಬುಟ್ಟಿ, ಕೈಗವಸು ಇವನ್ನು ಒಬ್ಬರ ಮನೆಯಲ್ಲಿ ಎಣಿಸಿ ಇಡಬೇಕು. ಹುಲ್ಲಿನಲ್ಲಿ ಬಿಟ್ಟುಬಂದ ಕುಡುಗೋಲು ಮುಂದಿನ ವಾರ ಮಗುವಿನ ಕಾಲಿಗೆ ಸಿಗುತ್ತದೆ.

ಹಿಡಿಕೆಗೆ ಕೆಂಪು ಬಟ್ಟೆ ಸುತ್ತಿದರೆ ಉಪಕರಣ ಕಳೆಯುವುದಿಲ್ಲ. ನಾಲ್ಕು ಮೂಲೆಗಳಲ್ಲಿ ಕಲ್ಲು ನೆಟ್ಟು, ತಿಂಗಳಿಗೊಮ್ಮೆ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಮತ್ತು ಒಂದು ಗಟ್ಟಿ ರಟ್ಟಿನ ವಹಿ ಇಡಿರಿ. ಮೊಬೈಲಿನ ಗುಂಪಿನಲ್ಲಿ ಹಾಕಿದ್ದು ಆರು ತಿಂಗಳಿಗೆ ಯಾರಿಗೂ ಸಿಗುವುದಿಲ್ಲ. ವಹಿಯಲ್ಲಿ ಪ್ರತಿ ಭಾನುವಾರ ತಾರೀಖು, ಬಂದವರ ಸಂಖ್ಯೆ, ಕೆಲಸ ಮಾಡಿದ ಪಟ್ಟಿಯ ಗುರುತು, ಏನು ತೆಗೆದೆವು, ಏನು ತಾನಾಗಿ ಹುಟ್ಟಿತ್ತು ಎಂಬಷ್ಟನ್ನು ಬರೆದರೆ ಸಾಕು. ನಾವು ಬೋಳು ಮಾಡಿದ್ದ ಆ ಅರ್ಧ ಎಕರೆಯ ಪುಟಗಳಲ್ಲಿ ಮೊದಲ ಮೂರು ವರ್ಷ ಕೊನೆಯ ಕಾಲಂ ಖಾಲಿಯೇ ಇದೆ. ನಾಲ್ಕನೆಯ ವರ್ಷದ ಆಗಸ್ಟ್ ತಿಂಗಳ ಎರಡನೆಯ ಭಾನುವಾರದ ಎದುರು, ಮಳೆಯಲ್ಲಿ ತೊಯ್ದು ಹರಡಿದ ಅಕ್ಷರಗಳಲ್ಲಿ, ‘ಕವಳಿ, ಎರಡು ಸಸಿ, ತೋರುಬೆರಳಿನಷ್ಟು ಉದ್ದ’ ಎಂದು ಬರೆದಿದೆ.